ಇಂಚಿಗೆ ಇಪ್ಪತ್ತು ಹೆಜ್ಜೆ

ಮಾರ್ಚ್ ೪, ಸೋಮವಾರ

ಈ ಪುಸ್ತಕ ನನ್ನದಲ್ಲ, ಡ್ರೈವರಣ್ಣನದು. ಮೊದಲ ನಲವತ್ತು ಪುಟಗಳಲ್ಲಿ ಅವನ ಕೋಳಿಕಾಲಿನಂಥ ಅಕ್ಷರದಲ್ಲಿ ಹೊರಟ ಹೊತ್ತು, ಮುಟ್ಟಿದ ಹೊತ್ತು, ಓಡಿದ ಕಿಲೋಮೀಟರು ಎಲ್ಲ ಇದೆ. ಮಿಕ್ಕದ್ದು ಖಾಲಿ. ಶುಕ್ರವಾರ ಅವನು ನಿವೃತ್ತನಾದ. ವ್ಯಾನನ್ನು ದೊಡ್ಡಾಸ್ಪತ್ರೆಯವರು ತೆಗೆದುಕೊಂಡು ಹೋದರು. ನನಗೆ ಉಳಿದದ್ದು ಈ ಪುಸ್ತಕ ಮತ್ತು ಆರೋಗ್ಯ ಕೇಂದ್ರದ ಒಂದು ಸೈಕಲ್ಲು. ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದನ್ನು ಇಲ್ಲಿ ಬರೆದು ಹಗುರಾಗೋಣ ಎಂದು ಕೂತಿದ್ದೇನೆ.

ಹೇಳಿಕೊಳ್ಳಲಾಗದ್ದು ಇಷ್ಟೆ. ಹದಿನಾಲ್ಕು ವರ್ಷದಿಂದ ದಿಬ್ಬದ ಬಡಾವಣೆಯಲ್ಲಿ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವ, ಗಾಯ ಕಟ್ಟುವ ನರ್ಸಾದ ನನಗೆ ದಿಬ್ಬದ ಬಡಾವಣೆಯ ದಾರಿ ಗೊತ್ತಿಲ್ಲ. ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಔಷಧಿ ಜೋಡಿಸಿಕೊಳ್ಳುತ್ತಿದ್ದೆ. ವ್ಯಾನು ನಿಂತರೆ ಇಳಿಯುತ್ತಿದ್ದೆ, ಎದುರಿಗೆ ಬಾಗಿಲು ಇರುತ್ತಿತ್ತು. ಕಿಟಕಿಯಾಚೆ ಏನಿದೆ ಎಂದು ಒಂದು ದಿನವೂ ಕತ್ತೆತ್ತಿ ನೋಡಲಿಲ್ಲವಲ್ಲ ಎಂದು ಇವತ್ತು ಹೊಳೆಯಿತು. ಹೊಳೆದಾಗ ನಾನು ಒಂದೇ ಹಿಟ್ಟಿನ ಗಿರಣಿಯ ಮುಂದೆ ಮೂರನೇ ಸಲ ಹಾದು ಹೋಗುತ್ತಿದ್ದೆ. ಗಿರಣಿಯವನು ಎದ್ದು ನಿಂತು ನಮಸ್ಕಾರ ಮಾಡಿದ.

ಒಂಬತ್ತು ಮನೆಗಳಲ್ಲಿ ಆರು ಮಾತ್ರ ಆಯಿತು. ಅಷ್ಟು ಹೊತ್ತಿಗೆ ಗಂಟೆ ಒಂದು.

ನಮ್ಮ ನರ್ಸುಗಳ ಮೇಲಿನವರು, ಮೇಟ್ರನ್ ಅಮ್ಮ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: “ಆರು ವಾರ ನೋಡ್ತೀನಿ. ಜನ ಊಟಕ್ಕೆ ಕೂರೋ ಮುಂಚೆ ಇಂಜೆಕ್ಷನ್ ಆಗ್ಬೇಕು. ಹನ್ನೆರಡರೊಳಗೆ ಒಂಬತ್ತೂ ಮನೆ ಮುಗೀಲಿಲ್ಲ ಅಂದ್ರೆ ಆ ಕೆಲಸಕ್ಕೆ ಬೇರೆಯವರನ್ನ ಹಾಕ್ತೀನಿ. ನೀನು ಸ್ಟೋರಲ್ಲಿ ಹತ್ತಿ, ಬ್ಯಾಂಡೇಜು ನೋಡ್ಕೊಂಡಿರು.”

ಸ್ಟೋರಿಗೆ ಕಿಟಕಿಯೂ ಇಲ್ಲ. ಹತ್ತಿ ಉಂಡೆಗಳ ಜೊತೆ ಏನು ಮಾತಾಡಲಿ?

ಇವರಿಗೆ ಹೇಳಿದೆ. ನನ್ನ ಗಂಡನದು ಬೇಕರಿ ಕೆಲಸ, ಮೈಯೆಲ್ಲ ಯಾವಾಗಲೂ ಹಿಟ್ಟು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಷ್ಟು ಸುಲಭದ ದಾರಿ ಗೊತ್ತಾಗಲ್ವಾ ನಿಂಗೆ?” ನಾನು ಮಾತು ಬಿಟ್ಟಿದ್ದೇನೆ. ಊಟದ ತನಕ.

ಮಾರ್ಚ್ ೫, ಮಂಗಳವಾರ

ಇವತ್ತು ಬುದ್ಧಿ ಉಪಯೋಗಿಸಿದೆ. ನಿನ್ನೆ ನೋಡಿದ ಗುರುತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ. ಮೋಟುಗೋಡೆಯ ಮೇಲೆ ಬಿಳಿ ಬೆಕ್ಕು ಕೂತಿರುವಲ್ಲಿ ಎಡಕ್ಕೆ. ಕೆಂಪು ಬೆಡ್‌ಶೀಟು ಒಣಹಾಕಿದ ಮನೆ ದಾಟಿದ ಮೇಲೆ ಬಲಕ್ಕೆ.

ಬೆಕ್ಕು ಬೇರೆ ಗೋಡೆಯ ಮೇಲೆ ಕೂತಿತ್ತು. ಬೆಡ್‌ಶೀಟು ಒಣಗಿ ಒಳಗೆ ಹೋಗಿತ್ತು. ಏಳು ಮನೆ.

ಮಾರ್ಚ್ ೭, ಗುರುವಾರ

ಕೇಂದ್ರದ ಗುಮಾಸ್ತರು ಬಡಾವಣೆಯ ನಕ್ಷೆಯ ಒಂದು ಪ್ರತಿ ಕೊಟ್ಟರು. ನಡುರಸ್ತೆಯಲ್ಲಿ ಬಿಡಿಸಿದರೆ ಗಾಳಿ ಅದನ್ನು ನನ್ನ ಮುಖಕ್ಕೇ ಸುತ್ತಿತು. ನಕ್ಷೆಯಲ್ಲಿ ಉತ್ತರ ಮೇಲ್ಗಡೆ ಎಂದು ಶಾಲೆಯಲ್ಲಿ ಕಲಿತದ್ದು ನೆನಪಿತ್ತು. ನಾಲ್ಕು ಮನೆ ಉತ್ತರಕ್ಕಿದ್ದವು. ಮೇಲೆ ತಾನೆ ಎಂದುಕೊಂಡು ಸೈಕಲ್ಲು ತಳ್ಳುತ್ತಾ, ಏದುಸಿರು ಬಿಡುತ್ತಾ, ದಿಬ್ಬದ ತುದಿಗೆ ಹತ್ತಿದೆ. ಅಲ್ಲಿ ಒಂದು ಮನೆಯೂ ಇರಲಿಲ್ಲ, ನಾಲ್ಕು ಮೇಕೆಗಳಿದ್ದವು.

ಒಂಬತ್ತನೆಯದು ಸರ್ವೆ ತಾತನ ಮನೆ. ಮುಟ್ಟಿದಾಗ ಒಂದೂಕಾಲು. ತಾತನಿಗೆ ಎಪ್ಪತ್ತೆಂಟು, ಕೆಲಸದಲ್ಲಿದ್ದಾಗ ಭೂಮಿ ಅಳೆದು ನಕ್ಷೆ ಬರೆಯುತ್ತಿದ್ದರಂತೆ. ಮೂರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಗಿದೆ. ನಡೆಯದಿದ್ದರೆ ಕಾಲು ಸೇದಿಹೋಗುತ್ತೆ ಎಂದು ಡಾಕ್ಟರು ಹೇಳಿದ್ದಾರೆ. ಇವರು ಜಪ್ಪಯ್ಯ ಅಂದರೂ ಮಂಚ ಬಿಟ್ಟು ಏಳುವುದಿಲ್ಲ. “ಎಲ್ಲಿಗೆ ಹೋಗೋದಿದೆ ಅಂತ ನಡೀಲಿ?” ಎನ್ನುತ್ತಾರೆ. ಜೊತೆಗಿರುವುದು ಅವರ ಅಕ್ಕ, ಎಂಬತ್ತೆರಡರ ಅಜ್ಜಿ. ತಮ್ಮನನ್ನು ಇನ್ನೂ ಪುಟ್ಟ ಎಂದೇ ಕರೆಯುತ್ತಾರೆ.

ಬೆವರು ಒರೆಸಿಕೊಳ್ಳುತ್ತಾ ನಕ್ಷೆಯನ್ನು ಅವರ ಮಂಚದ ಮೇಲೆ ಎಸೆದೆ. ಅಜ್ಜಿ ಯಾಕಮ್ಮಾ ಈ ಅವತಾರ ಎಂದದ್ದೇ ತಡ, ಮೇಕೆಯ ಸಂಗತಿಯನ್ನೆಲ್ಲ ಹೇಳಿದೆ. ಗೋಡೆ ಕಡೆ ಮುಖ ಮಾಡಿದ್ದ ತಾತ ನಿಧಾನಕ್ಕೆ ಈ ಕಡೆ ಹೊರಳಿದರು.

“ಉತ್ತರ ಮೇಲಿರೋದು ಕಾಗದದಲ್ಲಿ, ಸಿಸ್ಟರ್. ನೆಲದ ಮೇಲೆ ಅಲ್ಲ. ಈ ದಿಬ್ಬ ಏರೋದು ದಕ್ಷಿಣಕ್ಕೆ.”

“ನಂಗೆ ಯಾರು ಹೇಳಿಕೊಟ್ಟಿದ್ರು? ನೀವು ಹೇಳಿಕೊಡ್ತೀರಾ?”

“ನಂಗೆ ಆಗಲ್ಲ. ನಾನು ಕಾಯಿಲೆಯವನು.”

ನನಗೆ ರೇಗಿತು. ಮೂರು ತಿಂಗಳಿಂದ ಇದೇ ಮಾತು. “ಹಾಗಾದ್ರೆ ಒಪ್ಪಂದ ಮಾಡ್ಕೊಳ್ಳೋಣ. ನೀವು ಹತ್ತು ಹೆಜ್ಜೆ ನಡೀರಿ, ನಂಗೆ ಒಂದು ಪಾಠ ಹೇಳಿ. ನಡೀಲಿಲ್ಲ ಅಂದ್ರೆ ನಾನು ಮೇಕೆ ಕಾಯ್ಕೊಂಡಿರ್ತೀನಿ, ನಿಮಗೆ ಬೇರೆ ನರ್ಸ್ ಬರ್ತಾಳೆ. ಅವಳ ಕೈ ಭಾರ.”

ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದರು. ತಾತ ನಕ್ಷೆಯನ್ನು ವಾಪಸ್ ಕೊಡಲಿಲ್ಲ.

ಮಾರ್ಚ್ ೧೧, ಸೋಮವಾರ

ನಡೆದರು! ಮಂಚದಿಂದ ಕಿಟಕಿಗೆ, ವಾಕರ್ ಹಿಡಿದು, ಹತ್ತು ಹೆಜ್ಜೆ, ಹನ್ನೊಂದು ನಿಮಿಷ. ದಾರಿಯುದ್ದಕ್ಕೂ ನನ್ನನ್ನು, ಡಾಕ್ಟರನ್ನು, ವಾಕರ್ ಮಾಡಿದವನನ್ನು ಬೈದರು. ಕಿಟಕಿಯ ಸರಳು ಹಿಡಿದು ನಿಂತ ಮೇಲೆ ಪಾಠ ಶುರುವಾಯಿತು.

“ಇದು ಪೂರ್ವದ ಕಿಟಕಿ. ಬೆಳಿಗ್ಗೆ ನನ್ನ ಕಣ್ಣಿಗೇ ಬಿಸಿಲು ಹೊಡೆಯುತ್ತೆ, ಹಾಗಾಗಿ ಗೊತ್ತು. ಈಗ ನಿಮ್ಮ ಎಡಕ್ಕೇನಿದೆ?”

“ಅಡುಗೆಮನೆ.”

“ತಿರುಗಿ. ಈಗ?”

“ಮಂಚ.”

“ನೋಡಿದ್ರಾ? ನಿಮ್ಮ ಎಡ ಬಲ ನಿಮ್ಮ ಜೊತೇಲೇ ತಿರುಗುತ್ತೆ, ಅದನ್ನ ನಂಬಬೇಡಿ. ಪೂರ್ವ ಯಾರಿಗೋಸ್ಕರಾನೂ ತಿರುಗಲ್ಲ. ಮೊದಲು ಅದು ಎಲ್ಲಿದೆ ಅಂತ ನೋಡ್ಕೊಳ್ಳಿ. ಆಮೇಲೆ ನಕ್ಷೆಯ ಉತ್ತರ ನೆಲದ ಉತ್ತರಕ್ಕೆ ಬರೋ ಹಾಗೆ ಕಾಗದಾನ ತಿರುಗಿಸಿ. ಅಕ್ಷರ ತಲೆಕೆಳಗಾದ್ರೆ ಆಗ್ಲಿ, ನೀವೇನು ಪದ್ಯ ಓದ್ತಿಲ್ಲ.”

ನಕ್ಷೆ ವಾಪಸ್ ಪಡೆದು, ಬೀದಿಗಿಳಿದು ಹಾಗೇ ಮಾಡಿದೆ. ಕಾಗದದ ಮೇಲಿದ್ದ ಗೆರೆಗಳು ಎದುರಿನ ರಸ್ತೆಗಳಿಗೆ ಗೆರೆಗೆ ಗೆರೆ ಕೂಡಿಕೊಂಡವು. ನಡುಬೀದಿಯಲ್ಲಿ ನಿಂತು ಗಟ್ಟಿಯಾಗಿ “ಅಯ್ಯೋ!” ಎಂದುಬಿಟ್ಟೆ. ಗಿರಣಿಯವನು ಮತ್ತೆ ನಮಸ್ಕಾರ ಮಾಡಿದ.

ಮಾರ್ಚ್ ೧೪, ಗುರುವಾರ

ಎಂಟು ಮನೆ, ಹನ್ನೆರಡೂವರೆ.

ತಾತ ಹದಿನೈದು ಹೆಜ್ಜೆ. ಇವತ್ತಿನ ಪಾಠ ಚಿಹ್ನೆಗಳದು. ನನ್ನದೇ ನಕ್ಷೆ ಬರೆದು ತರಲು ಹೇಳಿದ್ದರು. ನೀರಿನ ಟ್ಯಾಂಕಿಗೆ ದುಂಡು, ಮೆಟ್ಟಿಲಿಗೆ ಅಡ್ಡಗೆರೆ, ನನ್ನ ಒಂಬತ್ತು ಮನೆಗೆ ಒಂಬತ್ತು ಕೆಂಪು ಚೌಕ. ಮೂಲೆಯಲ್ಲಿ ಯಾವ ಚಿಹ್ನೆಗೆ ಯಾವ ಅರ್ಥ ಎಂದು ಪಟ್ಟಿಯನ್ನೂ ಬರೆದಿದ್ದೆ. ಶಾಲೆಯ ಹುಡುಗಿಯ ಹಾಗೆ ಎದೆಯುಬ್ಬಿಸಿ ತೋರಿಸಿದೆ.

“ಇದೇನಿದು, ಮೀಸೆ ಇರೋದು?”

“ಬೆಕ್ಕು.”

“ಓಡಾಡೋದನ್ನ ನಕ್ಷೆಯಲ್ಲಿ ಹಾಕಬಾರದು ಸಿಸ್ಟರ್. ಅಳಿಸಿ.”

ಅಳಿಸಿದೆ. ಮನೆಗೆ ಬಂದು ಹಾಳೆಯ ಹಿಂಬದಿಗೆ ಚಿಕ್ಕದಾಗಿ ಮತ್ತೆ ಬರೆದುಕೊಂಡೆ.

ಮಾರ್ಚ್ ೧೬, ಶನಿವಾರ

ಅಜ್ಜಿ ಕಿತ್ತಲೆ ಸುಲಿಯುತ್ತಿದ್ದರು. ಸಿಪ್ಪೆ ತುಂಡಾಗದಂತೆ ಒಂದೇ ಸಮ ಸುಲಿದುಕೊಡು ಎಂದು ತಾತ ಹೇಳಿದರು. ಆಮೇಲೆ ಅದನ್ನು ನನ್ನ ಕೈಗಿಟ್ಟು, ಹರಿಯದ ಹಾಗೆ ಚಪ್ಪಟೆಯಾಗಿ ಮೇಜಿಗೆ ಅಂಟಿಸಿ ನೋಡೋಣ ಎಂದರು. ನಾಲ್ಕು ಕಡೆ ಹರಿಯಿತು.

“ದುಂಡಗಿರೋದನ್ನ ಚಪ್ಪಟೆ ಮಾಡಿದ್ರೆ ಎಲ್ಲೋ ಒಂದು ಕಡೆ ಹರೀಲೇಬೇಕು, ಇಲ್ಲಾ ಜಗ್ಗಲೇಬೇಕು. ಲೋಕದ ನಕ್ಷೆ ಬರೆಯೋರಿಗೆಲ್ಲ ಇದೇ ಕಷ್ಟ. ಎಲ್ಲ ನಕ್ಷೆಯಲ್ಲೂ ಒಂಚೂರು ಸುಳ್ಳಿರುತ್ತೆ. ಸುಳ್ಳು ಎಲ್ಲಿದೆ ಅಂತ ಓದೋರಿಗೆ ಗೊತ್ತಿದ್ರೆ ಸಾಕು.”

ಅಷ್ಟರಲ್ಲಿ ಅಜ್ಜಿ ಇಡೀ ಕಿತ್ತಲೆಯನ್ನು ಒಬ್ಬರೇ ತಿಂದು ಮುಗಿಸಿದ್ದರು. “ಪಾಠ ನಿಮಗೆ, ಹಣ್ಣು ನಂಗೆ” ಎಂದರು.

ಮಾರ್ಚ್ ೧೯, ಮಂಗಳವಾರ

ತಾತ ನಕ್ಕರು. ಮೊದಲು ಅದನ್ನು ಬರೆಯಬೇಕು. ಮೂರು ತಿಂಗಳಲ್ಲಿ ಮೊದಲ ಸಲವಂತೆ. ಅಜ್ಜಿ ಒಳಗಿಂದ ಓಡಿಬಂದರು, ಏನೋ ಆಗಿದೆ ಎಂದುಕೊಂಡು.

ಆದದ್ದು ಇಷ್ಟು. ನಕ್ಷೆಗೆ ಅಳತೆ ಬೇಕು, ನೀರಿನ ಟ್ಯಾಂಕಿನಿಂದ ನಮ್ಮ ಮನೆಗೆ ಎಷ್ಟು ಹೆಜ್ಜೆ ಎಂದು ಎಣಿಸಿಕೊಂಡು ಬನ್ನಿ ಎಂದಿದ್ದರು. ನಾನು ಒಂದು ಕೈ ಹೆಚ್ಚೇ ನಿಯತ್ತಿನವಳು. ಹೋಗುತ್ತಾ ಎಣಿಸಿದೆ, ಬರುತ್ತಾ ಎಣಿಸಿದೆ. ಹತ್ತುವಾಗ ಮುನ್ನೂರ ಹನ್ನೆರಡು. ಇಳಿಯುವಾಗ ಇನ್ನೂರ ಅರವತ್ತೆಂಟು. ತಲೆ ಗಿರ್ರೆಂದಿತು. ಕೊನೆಗೆ ನಕ್ಷೆಯಲ್ಲಿ ಎರಡು ದಾರಿ ಬರೆದೆ, ಹೋಗುವುದಕ್ಕೆ ಉದ್ದದ್ದು, ಬರುವುದಕ್ಕೆ ಗಿಡ್ಡದ್ದು!

“ದಾರಿ ಎಳೆದರೆ ಉದ್ದ ಆಗೋಕೆ ಅದೇನು ರಬ್ಬರಾ?” ತಾತನಿಗೆ ನಗುವಿನ ನಡುವೆ ಕೆಮ್ಮು. “ಹತ್ತುವಾಗ ಹೆಜ್ಜೆ ಚಿಕ್ಕದಾಗುತ್ತೆ ಕಣಮ್ಮ. ಹೆಜ್ಜೆ ಎಷ್ಟು ಅಂತ ಹೇಳಿದ್ರೆ ಸಾಲದು. ಯಾರ ಹೆಜ್ಜೆ, ಎಂಥ ಹೆಜ್ಜೆ, ಅದು ಗೊತ್ತಿರಬೇಕು.”

ಸಿಸ್ಟರ್ ಹೋಗಿ ಕಣಮ್ಮ ಆದದ್ದನ್ನು ನಾನು ಗಮನಿಸಿದೆ.

ಆಮೇಲೆ ಟೇಪು ಹಿಡಿದು ಹೆಜ್ಜೆ ಅಳೆದೆವು. ಸಮನೆಲದಲ್ಲಿ ನನ್ನದು ಎರಡೂಕಾಲು ಅಡಿ. ಅಜ್ಜಿಯದು ಒಂದೂವರೆ. ತಾತ ನನ್ನದು ಬೇಡ ಎಂದು ಮುಖ ತಿರುಗಿಸಿದರು. ಬಿಡಲಿಲ್ಲ, ಅಳೆದು ನನ್ನ ತಪಾಸಣೆ ಹಾಳೆಯಲ್ಲಿ ಬರೆದುಕೊಂಡೆ: ಒಂದು ಗೇಣು. ಮುಕ್ಕಾಲು ಅಡಿ.

“ಒಂದು ಕಾಲದಲ್ಲಿ ಎರಡೂವರೆ ಅಡಿ ಇತ್ತು” ಎಂದರು ತಾತ. ನಗು ನಿಂತುಹೋಗಿತ್ತು. ನನಗೆ ಪಾಪ ಅನಿಸಿತು.

ಮಾರ್ಚ್ ೨೪, ಭಾನುವಾರ

ರಜೆ. ನಕ್ಷೆಯಲ್ಲಿ ದಿಬ್ಬದ ಸುತ್ತ ಬಳ್ಳಿಯಂತೆ ಸುತ್ತಿಕೊಂಡಿರುವ ಕಂದು ಗೆರೆಗಳು ಏನು ಎಂದು ಕೇಳಿದ್ದೆ. ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸುವ ಗೆರೆ, ಮನೆಯಲ್ಲಿ ಬ್ರೆಡ್ಡಿದ್ದರೆ ಕತ್ತರಿಸಿ ನೋಡು ಎಂದಿದ್ದರು ತಾತ. ಬೇಕರಿಯವನ ಮನೆಯಲ್ಲಿ ಬ್ರೆಡ್ಡಿಗೆ ಬರವೇ?

ಇವರು ಆಸೆಪಟ್ಟು ಮಾಡಿದ್ದ ದುಂಡು ಬ್ರೆಡ್ಡು ಒಂದು ಮಗ್ಗುಲಿಗೆ ವಾಲಿಕೊಂಡು ಉಬ್ಬಿತ್ತು. ಥೇಟ್ ನಮ್ಮ ದಿಬ್ಬ. ಅಡ್ಡಡ್ಡವಾಗಿ ಬೆರಳು ದಪ್ಪಕ್ಕೆ ಹೋಳು ಮಾಡಿದೆ. ಕೆಳಗಿನ ಹೋಳನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದೆ. ಅದನ್ನೆತ್ತಿ ಅದೇ ಜಾಗದಲ್ಲಿ ಅದರ ಮೇಲಿನದು, ಹೀಗೆ ತುದಿಯವರೆಗೆ. ಒಂದರೊಳಗೊಂದು ಉಂಗುರಗಳು ಮೂಡಿದವು. ಬ್ರೆಡ್ಡು ಕಡಿದಾಗಿದ್ದ ಕಡೆ ಗೆರೆಗಳು ಒತ್ತೊತ್ತಾಗಿ, ಇಳಿಜಾರು ಮೆತ್ತಗಿದ್ದ ಕಡೆ ದೂರದೂರವಾಗಿ.

ಆಗ ಹೊಳೆಯಿತು. ನಾನು ಮೂರು ವಾರದಿಂದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತುತ್ತಿರುವುದು ಗೆರೆಗಳು ಒತ್ತಾಗಿರುವ ಪೂರ್ವದ ಮೆಟ್ಟಿಲು! ಪಶ್ಚಿಮದ ಕಡೆ ಗೆರೆಗಳು ಹಾಯಾಗಿ ದೂರ ದೂರ ಮಲಗಿವೆ. ಸುತ್ತು, ಆದರೆ ಸೈಕಲ್ಲಿನ ಮೇಲೇ ಕೂತು ಹೋಗಬಹುದು.

“ನೋಡ್ರೀ, ನೋಡ್ರೀ ಇಲ್ಲಿ!” ಎಂದು ಕೂಗಿದೆ.

ಇವರು ಹೋಳುಗಳನ್ನು ನೋಡಿದರು, ಪೆನ್ಸಿಲಿನ ಕಪ್ಪು ಮೆತ್ತಿದ ಅಂಚುಗಳನ್ನು ನೋಡಿದರು. “ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಾದಿದ್ದೆ ಕಣೇ” ಎಂದರು. ಆಮೇಲೆ ದಿಬ್ಬದ ತುದಿಗೆ ಬೆಣ್ಣೆ ಹಚ್ಚಿಕೊಂಡು ತಿಂದರು.

ಮಾರ್ಚ್ ೨೮, ಗುರುವಾರ

ಕೆಟ್ಟ ದಿನ.

ಎಂಟನೆಯ ಮನೆ ಚರಂಡಿಯ ಆಚೆ ದಡದಲ್ಲಿದೆ, ತಾತನ ಮನೆ ಈಚೆ. ಸುತ್ತಿ ಬರಲು ಇಪ್ಪತ್ತು ನಿಮಿಷ. ನಿನ್ನೆ ತಾತ ತಾವಾಗಿಯೇ ನನ್ನ ನಕ್ಷೆಯಲ್ಲಿ ಒಂದು ಒಳದಾರಿ ಬರೆದುಕೊಟ್ಟಿದ್ದರು: ಚರಂಡಿಗೆ ಅಡ್ಡವಾಗಿ ಒಂದು ಕಾಲುಸೇತುವೆ, ದಾಟಿದರೆ ಒಂದು ಸಂದಿ, ಸಂದಿ ಮುಗಿದರೆ ಅವರ ಮನೆ. ಐದೇ ನಿಮಿಷ. ಹನ್ನೊಂದೂವರೆಗೆ ಎಂಟನೆಯ ಮನೆ ಮುಗಿಸಿ, ಹಾಲು ಕುಡಿದಷ್ಟು ಸಂತೋಷದಲ್ಲಿ ಹೊರಟೆ. ಸೇತುವೆ ಇರಲಿಲ್ಲ. ಈಚೆ ದಡದಲ್ಲಿ ಆಳೆತ್ತರದ ಗೋಡೆ ಇತ್ತು. ಹುಡುಕಿ ಹುಡುಕಿ, ವಾಪಸ್ ಬಂದು, ಸುತ್ತಿ ಬರುವಷ್ಟರಲ್ಲಿ ಹನ್ನೆರಡೂ ಐವತ್ತು. ಮೇಟ್ರನ್ ಅಮ್ಮ ಕೆಂಪು ಶಾಯಿಯಲ್ಲಿ ಬರೆದುಕೊಂಡರು.

ತಾತನ ಮೇಲೆ ಕೂಗಾಡಿದೆ. ಕೂಗಾಡಬಾರದಿತ್ತು. ಅವರು ಗೋಡೆ ಕಡೆ ಹೊರಳಿ ಮಲಗಿದರು. ವಾಕರ್ ತಂದರೆ ಕಣ್ಣು ಮುಚ್ಚಿಕೊಂಡರು.

ಹೊರಡುವಾಗ ಅಜ್ಜಿ ಬಾಗಿಲ ತನಕ ಬಂದರು. “ನಲವತ್ತು ವರ್ಷ ಕೆಲಸ ಮಾಡಿದ್ದಾನೆ ನಮ್ಮ ಪುಟ್ಟ. ಕಾಲಲ್ಲಿ ನಡೆದು ಕಣ್ಣಲ್ಲಿ ನೋಡದೆ ಒಂದು ಹಾಳೆಗೂ ಸಹಿ ಹಾಕಿದವನಲ್ಲ. ಜ್ವರ ಬಂದಾಗ್ಲೂ ಹೋಗಿ ನೋಡಿ ಬರೋನು. ನಿನ್ನೆ ಮಾತ್ರ ನೆನಪಿಂದ ಬರೆದುಬಿಟ್ಟ. ಆ ಸೇತುವೆ ಯಾವಾಗ ಕಿತ್ತರೋ ಏನೋ, ಅವನು ಆ ಕಡೆ ಹೋಗಿ ಎಷ್ಟು ವರ್ಷ ಆಯ್ತು!”

ಊಟ ಸೇರಲಿಲ್ಲ.

ಏಪ್ರಿಲ್ ೨, ಮಂಗಳವಾರ

ಒಂಬತ್ತು ಮನೆ! ಹನ್ನೊಂದೂ ಐವತ್ತು!

ಪಶ್ಚಿಮದ ಇಳಿಜಾರಿನಿಂದ ಹತ್ತಿದೆ. ಮೂರನೆಯ ಮನೆಯನ್ನು ಐದನೆಯದರ ನಂತರಕ್ಕೆ ಹಾಕಿದೆ, ಎರಡೂ ಒಂದೇ ಎತ್ತರದಲ್ಲಿವೆ. ಹಳೆಯ ಸಾಲು ಡ್ರೈವರಣ್ಣನ ವ್ಯಾನಿಗೆ ಸರಿಯಿತ್ತು, ಸೈಕಲ್ಲಿಗಲ್ಲ. ಎಂಟರಿಂದ ಒಂಬತ್ತಕ್ಕೆ ಚರಂಡಿ ಇಳಿಯುವ ಕಡೆ ಇರುವ ಮೋರಿ ಸೇತುವೆ ದಾಟಿದರೆ ಎಂಟು ನಿಮಿಷ. ಅದನ್ನು ನಾನೇ ಹುಡುಕಿದ್ದು.

ಆದರೆ ತಾತ ಐದು ದಿನದಿಂದ ಮಂಚ ಬಿಟ್ಟಿಲ್ಲ. ಪಾಠವೂ ಇಲ್ಲ. ಗೆದ್ದು ಬಂದವಳಿಗೆ ಹೇಳಿಕೊಳ್ಳಲು ಯಾರೂ ಇಲ್ಲದ ಹಾಗಾಯಿತು. ನಾನು ಹೊಸದಾಗಿ ತಿದ್ದಿದ ನಕ್ಷೆಯನ್ನು, ಅವರು ಬರೆದ ಸೇತುವೆಯನ್ನು ಮಾತ್ರ ಅಳಿಸದೆ, ಅವರ ಮಗ್ಗುಲಲ್ಲಿ ಬಿಡಿಸಿದೆ.

“ಸಹಿ ಹಾಕಿ ತಾತ.”

“ನೋಡದೆ ಹಾಕಲ್ಲ.”

“ಹಾಗಾದ್ರೆ ನೋಡಿ.”

“ಇಲ್ಲಿಂದ ಏನು ನೋಡ್ಲಿ?”

“ಇಲ್ಲಿಂದ ಅಂತ ನಾನೆಲ್ಲಿ ಹೇಳಿದೆ?”

ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು. ತಾತ ನನ್ನನ್ನೇ ನೋಡಿದರು. ನಕ್ಷೆಯನ್ನು ಅಲ್ಲೇ ಬಿಟ್ಟು ಬಂದೆ. ನನಗೀಗ ಅದು ಬೇಕಾಗಿಯೂ ಇಲ್ಲ, ಬಾಯಿಪಾಠ ಆಗಿದೆ.

ಏಪ್ರಿಲ್ ೫, ಶುಕ್ರವಾರ

ಅಜ್ಜಿ ಪಿಸುಮಾತಿನಲ್ಲಿ ಹೇಳಿದರು: ನಿನ್ನೆ ಸಂಜೆ ಪುಟ್ಟ ತಾನಾಗಿಯೇ ಎದ್ದು ನಡುಮನೆಯಲ್ಲಿ ನಲವತ್ತು ಹೆಜ್ಜೆ ಹಾಕಿದನಂತೆ. ಒಂದು ಪೆನ್ಸಿಲ್ಲು ಕೇಳಿದನಂತೆ. ನನ್ನ ಮುಂದೆ ಮಾತ್ರ ಕಾಯಿಲೆಯವರ ಹಾಗೆ ಮಲಗಿದ್ದರು. ನಾನೂ ಏನೂ ತಿಳಿಯದವಳ ಹಾಗೆ ಬಿ.ಪಿ. ನೋಡಿದೆ. ಚೆನ್ನಾಗಿತ್ತು.

ಏಪ್ರಿಲ್ ೯, ಮಂಗಳವಾರ

ಶನಿವಾರಕ್ಕೆ ಆರು ವಾರ. ಅವತ್ತು ಮೇಟ್ರನ್ ಅಮ್ಮ ಸ್ವತಃ ಜೊತೆಗೆ ಬರುತ್ತಾರಂತೆ. “ನಾನು ಹಿಂದೆ ಇರ್ತೀನಿ, ಒಂದು ಮಾತೂ ಆಡಲ್ಲ. ಒಂಬತ್ತೂ ಪೇಷೆಂಟನ್ನ ನಾನು ಕಣ್ಣಾರೆ ನೋಡಬೇಕು, ಹನ್ನೆರಡರೊಳಗೆ” ಎಂದರು. ಅವರು ನನಗಿಂತ ಒಂದು ಮೊಳ ಎತ್ತರ. ಅವರು ಹಿಂದೆ ಇದ್ದರೆ ನೆರಳೇ ನನ್ನ ಮುಂದೆ ಹೋಗುತ್ತದೆ.

ಏಪ್ರಿಲ್ ೧೨, ಶುಕ್ರವಾರ

ಚೀಲ ಮೂರು ಸಲ ಜೋಡಿಸಿದೆ. ಇವರು ಸೈಕಲ್ಲಿಗೆ ಎಣ್ಣೆ ಬಿಟ್ಟಿದ್ದಾರೆ, ನಗದೆ.

ಏಪ್ರಿಲ್ ೧೩, ಶನಿವಾರ

ಇವತ್ತಿನದನ್ನು ಒಂದನ್ನೂ ಬಿಡದೆ ಬರೆಯಬೇಕು.

ಎಂಟಕ್ಕೆ ಹೊರಟೆವು, ಮೇಟ್ರನ್ ಅಮ್ಮ ಎರವಲು ತಂದ ಇನ್ನೊಂದು ಸೈಕಲ್ಲಿನಲ್ಲಿ. ಎರಡನೆಯ ಮನೆಯ ಮುಂದೆ ಪೈಪಿಗಾಗಿ ರಸ್ತೆ ಅಗೆದು ಹಾಕಿದ್ದರು. ಮೇಟ್ರನ್ ಅಮ್ಮ ಬ್ರೇಕು ಹಾಕಿ ನನ್ನ ಮುಖ ನೋಡಿದರು. ನಾನು ಉತ್ತರದ ಓಣಿಗೆ ಇಳಿದು, ಶಾಲೆಯ ಹಿಂಭಾಗದಿಂದ ಪಶ್ಚಿಮಕ್ಕೆ ತಿರುಗಿ, ಮತ್ತೆ ಹತ್ತಿ ಬಂದೆ. ನಾಲ್ಕು ನಿಮಿಷ ಹೆಚ್ಚಾಯಿತು, ಅಷ್ಟೆ. ಹಿಂದಿನಿಂದ ಏದುಸಿರು ಕೇಳುತ್ತಿತ್ತು, ಮಾತು ಕೇಳಲಿಲ್ಲ. ಗಿರಣಿಯವನು ಇಬ್ಬರಿಗೂ ನಮಸ್ಕಾರ ಮಾಡಿದ.

ತಾತನ ಮನೆಗೆ ಹನ್ನೊಂದೂ ಇಪ್ಪತ್ತೈದು. ಒಂಬತ್ತನೆಯದು. ಗೆದ್ದೆ ಎಂದುಕೊಂಡು ಒಳಗೆ ಕಾಲಿಟ್ಟರೆ ಮಂಚ ಖಾಲಿ.

ಬಚ್ಚಲಿಗೆ ಓಡಿದೆ. ಇಲ್ಲ. ವಾಕರ್ ಕೂಡ ಇಲ್ಲ. ಅಜ್ಜಿ ಮಾತ್ರ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಾ ಕೂತಿದ್ದರು, ಮುಖದ ತುಂಬ ನಗು.

“ಎಲ್ಲಿ ಅಜ್ಜಿ?”

“ನನ್ನ ಬಾಯಿಂದ ಬರಲ್ಲ. ಮಾತು ಕೊಟ್ಟಿದ್ದೀನಿ. ದಿಂಬು ನೋಡು.”

ದಿಂಬಿನ ಮೇಲೆ ಒಂದು ಹಾಳೆ. ಉತ್ತರಕ್ಕೆ ಬಾಣದ ಗುರುತು, ಮನೆಗೆ ಚೌಕ, ಅಲ್ಲಿಂದ ಪಶ್ಚಿಮಕ್ಕೆ ಎರಡು ಇಂಚಿನ ಗೆರೆ, ಅಲ್ಲಿ ಉತ್ತರಕ್ಕೆ ತಿರುಗಿ ನಾಲ್ಕು ಇಂಚು, ಕೊನೆಯಲ್ಲಿ ಒಂದು ಗುಣಿಸುವ ಗುರುತು. ಅಡಿಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರ: ಇಂಚಿಗೆ ಇಪ್ಪತ್ತು ಹೆಜ್ಜೆ.

“ಸೊಂಟ ಮುರಿದ ಮುದುಕ ಬೀದೀಲಿ ಒಬ್ಬನೇನಾ!” ಮೇಟ್ರನ್ ಅಮ್ಮ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. “ನಲವತ್ತು ಹೆಜ್ಜೆ ಪಶ್ಚಿಮಕ್ಕೆ, ಎಂಬತ್ತು ಉತ್ತರಕ್ಕೆ. ನಾನು ಹೋಗ್ತೀನಿ, ನೀನು ಹಿತ್ತಲು ನೋಡು.” ಬಿರಬಿರನೆ ಹೋದರು, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತಾ.

ಹಿತ್ತಲಲ್ಲಿ ಬಟ್ಟೆ ಮಾತ್ರ ಇತ್ತು. ಹೊರಗೆ ಬಂದು ನಿಂತೆ. ಮನೆಯಿಂದ ಪಶ್ಚಿಮಕ್ಕೆ ಹೋಗುವ ಬೀದಿಗೆ ಉತ್ತರದ ಕಡೆ ಮೂರು ಓಣಿಗಳಿವೆ, ಒಂದರ ಹಾಗೆ ಇನ್ನೊಂದು. ಯಾವುದು? ನಲವತ್ತು ಹೆಜ್ಜೆ. ಯಾರ ಹೆಜ್ಜೆ, ಎಂಥ ಹೆಜ್ಜೆ?

ತಪಾಸಣೆ ಹಾಳೆ ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಒಂದು ಗೇಣು! ನಲವತ್ತು ಗೇಣು ಅಂದರೆ ಮೂವತ್ತೇ ಅಡಿ. ನನ್ನ ಹೆಜ್ಜೆಯಲ್ಲಿ ಹದಿಮೂರು ಚಿಲ್ಲರೆ. ಹದಿಮೂರು ಎಣಿಸಿ ನಿಂತೆ. ಅದು ಓಣಿಯೂ ಅಲ್ಲ, ಎರಡು ಮನೆಗಳ ನಡುವಿನ ಸಂದಿ. ಒಳಗೆ ಹೊಕ್ಕು, ಉತ್ತರಕ್ಕೆ ಅರವತ್ತಡಿ, ಇಪ್ಪತ್ತಾರು ಇಪ್ಪತ್ತೇಳು ಹೆಜ್ಜೆ. ಸಂದಿ ಸಣ್ಣಗೆ ಬಾಗಿದ ಕಡೆ ಗೋಡೆ ಕಾಣಿಸಿತು. ಅವತ್ತು ಆಚೆ ದಡದಿಂದ ನಾನು ಶಪಿಸಿದ್ದ ಅದೇ ಗೋಡೆ.

ಗೋಡೆಯ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಅದರ ಮೇಲೆ ಸರ್ವೆ ತಾತ. ಒಗೆದ ಅಂಗಿ, ಬಾಚಿದ ತಲೆ, ಮಗ್ಗುಲಲ್ಲಿ ವಾಕರ್, ತೊಡೆಯ ಮೇಲೆ ನನ್ನ ನಕ್ಷೆ. ಬೆವರಿಳಿಯುತ್ತಿತ್ತು. ಬೆವರಿನ ಕೆಳಗೆ ಮುಖ ಹೊಳೆಯುತ್ತಿತ್ತು.

“ಹತ್ತೂವರೆಗೆ ಹೊರಟೆ” ಎಂದರು. “ಸೇತುವೆ ಇಲ್ಲ ಕಣಮ್ಮ. ನೀನು ಹೇಳಿದ್ದು ನಿಜ. ನಂದು ತಪ್ಪು.”

ಪೆನ್ಸಿಲಿನಿಂದ ಆ ಸೇತುವೆಯ ಮೇಲೆ ಒಂದೇ ಒಂದು ಗೆರೆ ಎಳೆದು ಹೊಡೆದು ಹಾಕಿದ್ದರು. ನಾನು ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವರ ಕಾಲ ಬುಡದಲ್ಲಿ ಕೂತು ನಾಡಿ ಹಿಡಿದು ಎಣಿಸಿದೆ, ಎರಡು ಸಲ ತಪ್ಪಿತು. ಕತ್ತೆತ್ತಿದರೆ ಅಜ್ಜಿ ಅಡುಗೆಮನೆಯ ಪಶ್ಚಿಮದ ಕಿಟಕಿಯಿಂದ ಕೈ ಬೀಸುತ್ತಿದ್ದರು. ಹತ್ತೂವರೆಯಿಂದ ತಮ್ಮನ ಮೇಲೆ ಕಣ್ಣಿಟ್ಟೇ ಬೀನ್ಸ್ ಮುರಿದಿದ್ದಾರೆ.

ಆಗ ನೆನಪಾಯಿತು, ಮೇಟ್ರನ್ ಅಮ್ಮ! ಅವರು ಕಣ್ಣಾರೆ ನೋಡಬೇಕು. ಗಂಟೆ ಹನ್ನೊಂದೂ ನಲವತ್ತು. ಅವರದು ಉದ್ದ ಕಾಲು, ಹೆಜ್ಜೆಗೆ ಎರಡೂವರೆ ಅಡಿಗೆ ಮೋಸವಿಲ್ಲ. ನಲವತ್ತು ಹೆಜ್ಜೆ ಅಂದರೆ ನೂರಡಿ, ಮೂರನೆಯ ಓಣಿ. ಅಲ್ಲಿಂದ ಉತ್ತರಕ್ಕೆ ಇನ್ನೂರಡಿ. ಅಲ್ಲಿ ಏನಿದೆ? ಹಿಟ್ಟಿನ ಗಿರಣಿ!

ಓಡಿದೆ. ಗಿರಣಿಯ ಮುಂದೆ ಮೇಟ್ರನ್ ಅಮ್ಮ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ನಿಂತಿದ್ದರು, ಬಿಳಿ ಸೀರೆಗೆ ಇನ್ನಷ್ಟು ಬಿಳಿ ಹಿಟ್ಟು ಹಾರಿತ್ತು. ಗಿರಣಿಯವನು ಅವರಿಗೆ ಸ್ಟೂಲು ತಂದು ಹಾಕುತ್ತಿದ್ದ.

“ನಾನು ಇಲ್ಲಿದ್ದೀನಿ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ನಿಮ್ಮ ಹೆಜ್ಜೆ ಲೆಕ್ಕ ಹಾಕ್ದೆ, ಮೇಡಂ.”

ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಅವರು ತಾತನನ್ನು ಕಣ್ಣಾರೆ ನೋಡಿದರು. ಕೆಂಪು ಶಾಯಿಯ ಪೆನ್ನು ತೆಗೆದರು, ಯೋಚಿಸಿದರು, ಮತ್ತೆ ಚೀಲಕ್ಕೆ ಹಾಕಿ ನೀಲಿಯದನ್ನು ತೆಗೆದರು. “ಸೋಮವಾರದಿಂದ ಈ ರೌಂಡ್ಸ್ ನಿಂದೇ. ಆಮೇಲೆ ಒಂದು ಮಾತು, ನಾನು ಗಿರಣಿಗೆ ಹೋಗಿದ್ದು ವರದಿಯಲ್ಲಿ ಬರೋದು ಬೇಡ.”

ತಾತ ನನ್ನ ನಕ್ಷೆಯನ್ನು ವಾಕರಿನ ಮೇಲಿಟ್ಟುಕೊಂಡು ಸಹಿ ಹಾಕಿದರು. ಪೂರ್ತಿಗಲ್ಲ. ಅವರ ಮನೆಯಿಂದ ಗೋಡೆಯವರೆಗಿನ ದಾರಿಯ ಸುತ್ತ ಮಾತ್ರ ಒಂದು ಚೌಕ ಹಾಕಿ, ಅದರೊಳಗೆ ಬರೆದರು: ನಡೆದು ನೋಡಿದ್ದೇನೆ. ತಾರೀಕು ಹಾಕಿದರು.

“ಮಿಕ್ಕ ಎಂಟು ಮನೆ?”

“ನೋಡದೆ ಹಾಕಲ್ಲ ಅಂತ ಹೇಳಿದ್ದೀನಲ್ಲ.”

ಏಪ್ರಿಲ್ ೧೫, ಸೋಮವಾರ

ಒಂಬತ್ತು ಮನೆ, ಹನ್ನೊಂದೂ ಮೂವತ್ತೈದು. ನಾನು ಬರೆದುಕೊಟ್ಟ ನಕ್ಷೆಯ ಒಂದು ಪ್ರತಿ ಮೇಟ್ರನ್ ಅಮ್ಮನ ಮೇಜಿನ ಗಾಜಿನ ಕೆಳಗೆ ಸೇರಿದೆ. ಅದರ ಹಿಂಬದಿಗೂ ನಾನು ಬರೆದಿರುವ ಬೆಕ್ಕನ್ನು ಅವರು ಇನ್ನೂ ನೋಡಿಲ್ಲ.

ಮಧ್ಯಾಹ್ನ ಇವರು ಯಾರ ಮನೆಗೋ ಕೇಕ್ ಮುಟ್ಟಿಸಲು ಹೋಗಿ ದಾರಿ ತಪ್ಪಿ ಫೋನ್ ಮಾಡಿದರು. ನೆರಳು ಯಾವ ಕ‍ಡೆ ಬಿದ್ದಿದೆ ಹೇಳಿ ಎಂದರೆ, ಕೇಕ್ ಕರಗ್ತಿದೆ ಕಣೇ ಎನ್ನುತ್ತಾರೆ. ಎರಡು ನಿಮಿಷದಲ್ಲಿ ಮುಟ್ಟಿಸಿದೆ. ಅಷ್ಟು ಸುಲಭದ ದಾರಿ ಈ ಮನುಷ್ಯನಿಗೆ ಯಾಕೆ ಗೊತ್ತಾಗುವುದಿಲ್ಲವೋ.

ತಾತ ಇವತ್ತು ಬಾಗಿಲಲ್ಲೇ ನಿಂತಿದ್ದರು. ಕಾಲು ತಪಾಸಣೆ ಮಾಡಿ, ನಡೆಸಿ, ಟೇಪು ಹಿಡಿದು ಹೆಜ್ಜೆ ಅಳೆದೆ. ಇನ್ನೊಂದು ಸಲ ಅಳೆದೆ. ಸರಿಯಾಗಿ ಒಂದು ಅಡಿ. ಶನಿವಾರಕ್ಕಿಂತ ಮೂರು ಇಂಚು ಜಾಸ್ತಿ.

“ತಾತ! ಒಂದು ಅಡಿ!”

ನಾನು ಕುಣಿಯುವುದೊಂದು ಬಾಕಿ. ಅವರು ಮಾತ್ರ ಮುಖ ಗಂಟಿಕ್ಕಿಕೊಂಡು ಟೇಪನ್ನೇ ನೋಡಿದರು.

“ಹಾಗಾದ್ರೆ ಶನಿವಾರದ ನಕ್ಷೆ ತಪ್ಪಾಯ್ತಲ್ಲ” ಎಂದರು. “ಅಳತೆ ಬದಲಾಗಿದೆ. ಮತ್ತೆ ನಡೆದು ಹೊಸದಾಗಿ ಬರೀಬೇಕು.”

ನಾಳೆ ಬರುವಾಗ ಹಾಳೆ ತರಲು ಹೇಳಿದ್ದಾರೆ, ಸ್ವಲ್ಪ ದೊಡ್ಡದು.